ಸಾಫ್ಟ್‌ವೇರ್ ಪುಕ್ಕಟೆ, ಹಾಗಂತ ಕಲಿಸೋರೂ ಪುಕ್ಕಟೆಯಾ?

"ಲಿನಕ್ಸ್ ಪುಕ್ಕಟೆ ಸಿಗುತ್ತೆ ಅಂತ ನೀವೇ ಹೇಳ್ತೀರಿ. ಮತ್ತೆ ಕಲಿಸೋಕೆ ಫೀಸು ಯಾಕೆ?"

ಹಳ್ಳಿಗಳಲ್ಲಿ ಕಂಪ್ಯೂಟರ್ ಕಲಿಸುವ ನಮ್ಮಂಥವರಿಗೆ ಎದುರಾಗುವ ಮೊದಲ ಪ್ರಶ್ನೆ ಇದು. ಹೀಗೆ ಕೇಳುವವರು ಬಡವರಲ್ಲ. ಶಾಮಿಯಾನ, ಮೈಕ್ ಸೆಟ್ಟು, ಫ್ಲೆಕ್ಸು, ಊಟ ಎಲ್ಲಕ್ಕೂ ಎಣಿಸಿ ಕೊಡುವ ಸಂಸ್ಥೆಗಳು. ಎರಡು ದಿನ ನಿಂತು ಕಲಿಸಿದವರಿಗೆ ಮಾತ್ರ ಶಾಲು, ಹಾರ, ಒಂದು ಬುಟ್ಟಿ ಹಣ್ಣು. ಶಾಲು ತೋರಿಸಿದರೆ ಕಂಡಕ್ಟರ್ ಟಿಕೆಟ್ ಕೊಡುತ್ತಾನೆಯೇ?

ಇಂಗ್ಲಿಷಿನ 'ಫ್ರೀ' ಪದಕ್ಕೆ ಎರಡು ಅರ್ಥ: ದುಡ್ಡಿಲ್ಲದ್ದು, ಬಂಧನವಿಲ್ಲದ್ದು. ಕನ್ನಡದಲ್ಲಿ 'ಉಚಿತ' ಬೇರೆ, 'ಮುಕ್ತ' ಬೇರೆ. ಆದರೂ ನಾವು ಎರಡನ್ನೂ ಕಲಸಿಬಿಟ್ಟಿದ್ದೇವೆ. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಗ್ನೂ ಯೋಜನೆ ಘೋಷಿಸಿದರು. ಅವರು ಕೇಳಿದ್ದು ತಂತ್ರಾಂಶವನ್ನು ಬಳಸುವ, ಒಳಗೇನಿದೆ ನೋಡುವ, ತಿದ್ದುವ, ಹಂಚುವ ಹಕ್ಕು. 1985ರಲ್ಲಿ ಅವರೇ ತಮ್ಮ ಈಮ್ಯಾಕ್ಸ್ ತಂತ್ರಾಂಶವನ್ನು ಟೇಪಿನಲ್ಲಿ ತುಂಬಿ, ಒಂದಕ್ಕೆ 150 ಡಾಲರಿನಂತೆ ಮಾರಿದರು. ಮುಕ್ತ ತಂತ್ರಾಂಶದ ಗುರುವೇ ದುಡಿಮೆಗೆ ಬೆಲೆ ಕಟ್ಟಿದ್ದಾರೆ. ನಾವು ಕೇಳಿದರೆ ದುರಾಸೆಯೇ?

ದೊಡ್ಡವರ ಲೆಕ್ಕವನ್ನೂ ನೋಡಿ. ಲಿನಕ್ಸ್ ಜೊತೆ ನೆರವು, ತರಬೇತಿ ಮಾರುವ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ ಐಬಿಎಂ ಸುಮಾರು 3,400 ಕೋಟಿ ಡಾಲರಿಗೆ ಕೊಂಡಿತು. ನಗರದಲ್ಲಿ ಲಿನಕ್ಸ್ ಕಲಿಸಿದರೆ ಅದು 'ಟ್ರೇನಿಂಗ್'. ಹಳ್ಳಿಯಲ್ಲಿ ಕಲಿಸಿದರೆ 'ಸೇವೆ'.

ಬಿತ್ತನೆ ರಾಗಿ ನೆರೆಮನೆಯವರು ಸುಮ್ಮನೆ ಕೊಟ್ಟರು ಅಂತ ಟ್ರ್ಯಾಕ್ಟರ್ ಬಾಡಿಗೆ ಕೊಡದೆ ಇರುತ್ತೀರಾ?

ನಮ್ಮ ಕೆಲಸವೂ ಉಳುಮೆಯೇ. ಹಳೆಯ ನುಡಿ ಫಾಂಟಿನ ಕಡತವನ್ನು ಫೋನಿನಲ್ಲಿ ತೆರೆದರೆ ಅರ್ಥವಾಗದ ಅಕ್ಷರಗಳ ರಾಶಿ ಕಾಣುತ್ತದೆ. ಅದನ್ನು ಯೂನಿಕೋಡಿಗೆ ತರಲು ಕಲಿಸುತ್ತೇವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರಿನಲ್ಲಿ ಸಾಮಾನ್ಯ ಬೆಂಬಲ ನಿಲ್ಲಿಸಿತು. ಹೊಸ ವಿಂಡೋಸ್ ಹಿಡಿಸದ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಬೇಕಿಲ್ಲ. ಅದರಲ್ಲಿ ಲಿನಕ್ಸ್ ಕೂರಿಸಿ, ಲಿಬ್ರೆ ಆಫೀಸಿನಲ್ಲಿ ಅರ್ಜಿ, ಲೆಕ್ಕಪತ್ರ ಮಾಡುವುದನ್ನು ತೋರಿಸುತ್ತೇವೆ. ಹೊಸ ಯಂತ್ರ, ಹೊಸ ಲೈಸೆನ್ಸಿನ ಖರ್ಚು ಉಳಿಯುತ್ತದೆ. ಉಳಿದದ್ದರಲ್ಲಿ ಒಂದು ಪಾಲು ಉಳಿಸಿಕೊಟ್ಟವರಿಗೆ ಬೇಡವೇ?

"ಯೂಟ್ಯೂಬಿನಲ್ಲೇ ಎಲ್ಲಾ ಇದೆಯಲ್ಲ" ಅನ್ನುವವರಿದ್ದಾರೆ. ಇದೆ, ಖಂಡಿತ ನೋಡಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳೂ ಉಚಿತವಾಗಿವೆ. ಅಷ್ಟರಲ್ಲೇ ಕಲಿತರೆ ನಮಗೆ ಸಂತೋಷ. ಆದರೆ ಮೌಸ್ ಹಿಡಿಯಲು ಕೈ ನಡುಗುವ ಸ್ವಸಹಾಯ ಸಂಘದ ಅಕ್ಕನ ಪಕ್ಕ ವಿಡಿಯೋ ಬಂದು ಕೂರುವುದಿಲ್ಲ. ಅಲ್ಲಿ ಮನುಷ್ಯರು ಬೇಕು. ಮನುಷ್ಯರಿಗೆ ಹೊಟ್ಟೆ ಇದೆ.

ಪಕ್ಕದ ಕೇರಳ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುಮಾಡಿ, ಮುಂದೆ ಶಾಲೆಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಅಲ್ಲಿ ತರಬೇತಿ ಕೊಟ್ಟ ಮಾಸ್ಟರ್ ಟ್ರೇನರ್‌ಗಳು ಸಂಬಳ ಬರುವ ಶಿಕ್ಷಕರೇ. ತಂತ್ರಾಂಶಕ್ಕೆ ದುಡ್ಡು ಕೊಡದ ಸರ್ಕಾರ ಕಲಿಸುವವರಿಗೆ ಕೊಟ್ಟಿತು. ಅದಕ್ಕೇ ಯೋಜನೆ ಬದುಕಿತು.

ಮಕ್ಕಳ ಹತ್ತಿರ, ಕೂಲಿಯವರ ಹತ್ತಿರ ವಸೂಲಿ ಮಾಡಿ ಅಂತ ನಾವು ಹೇಳುತ್ತಿಲ್ಲ. ಕರೆಸುವ ಪಂಚಾಯಿತಿ, ಕಾಲೇಜು, ಸಂಘ ಕೊಡಲಿ. ಗಂಟೆಗೆ ಎಷ್ಟು ಅಂತ ಮೊದಲೇ ಕಾಗದದಲ್ಲಿ ಬರೆಯಲಿ. ಬಸ್ ಚಾರ್ಜು ಬೇರೆ ಕೊಡಲಿ. ನಾವೂ ಒಂದು ಮಾತು ಕೊಡುತ್ತೇವೆ: ಪಾಠದ ಟಿಪ್ಪಣಿಗಳನ್ನು ಬಚ್ಚಿಡುವುದಿಲ್ಲ. ಕಲಿತವರು ಅದನ್ನೇ ಹಿಡಿದು ಬೇರೆಯವರಿಗೆ ಕಲಿಸಲಿ, ಅವರೂ ಸಂಪಾದಿಸಲಿ.

ಕೂಲಿ ಸಿಗದಿದ್ದರೆ ಹಳ್ಳಿಯಲ್ಲಿ ಕಲಿಸಬಲ್ಲ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ ಹತ್ತುತ್ತಾರೆ. ಆಮೇಲೆ ಊರಿನ ಕಂಪ್ಯೂಟರ್ ಮೇಲೆ ಧೂಳು ಕೂರುತ್ತದೆ, ಒಳಗೆ ಪುಕ್ಕಟೆ ಸಾಫ್ಟ್‌ವೇರ್ ಇದ್ದರೂ.

ನಿಮ್ಮೂರಿನಲ್ಲಿ ಮುಂದಿನ ತರಬೇತಿ ನಡೆದಾಗ ಫ್ಲೆಕ್ಸಿಗೆ ಎಷ್ಟಾಯಿತು, ಕಲಿಸಿದವರಿಗೆ ಎಷ್ಟು ಕೊಟ್ಟರು ಅಂತ ಎದ್ದುನಿಂತು ಕೇಳಿ.