ಕೆತ್ತಿದ ಮೂಗು, ಕದ್ದ ಉಸಿರು

ಮೊಬೈಲ್ ಪರದೆಯ ಮೇಲೆ ಒಬ್ಬಾಕೆಯ ಎರಡು ಫೋಟೊ. ಎಡಕ್ಕೆ ‘ಮೊದಲು’, ಬಲಕ್ಕೆ ‘ನಂತರ’. ಮೂಗಿನ ದಿಣ್ಣೆ ಮಾಯ, ತುದಿ ಚೂಪು, ಹೊಳ್ಳೆ ಕಿರಿದು. ಕೆಳಗೆ ಸಾಲು ಸಾಲು ಮೆಚ್ಚುಗೆ. ಆಕೆ ಈಗ ರಾತ್ರಿ ಬಾಯಿ ಮುಚ್ಚಿ ಮಲಗಬಲ್ಲಳೇ? ಅದನ್ನು ಕೇಳುವವರಿಲ್ಲ. ವೈದ್ಯರು ಜಾಹೀರಾತು ಕೊಟ್ಟು ರೋಗಿಗಳನ್ನು ಸೆಳೆಯುವುದು ತಪ್ಪೆಂದು 2002ರ ವೈದ್ಯಕೀಯ ನಡವಳಿಕೆಯ ನಿಯಮಗಳೇ ಹೇಳುತ್ತವೆ. ಆದರೂ ಅಂಗಡಿ ಹಗಲಲ್ಲೇ ತೆರೆದಿದೆ.

ಈ ವ್ಯಾಪಾರಿಗಳು ಮೂಗನ್ನು ಹೊರಗಿನಿಂದಷ್ಟೇ ನೋಡುತ್ತಾರೆ. ಒಳಗೆ ಏನಿದೆ ಗೊತ್ತೆ? ಹೊಳ್ಳೆಯಿಂದ ಸುಮಾರು ಒಂದೂವರೆ ಸೆಂಟಿಮೀಟರ್ ಮೇಲೆ, ನಡುಗೋಡೆಗೂ ಪಕ್ಕದ ಮೃದ್ವಸ್ಥಿಗೂ ನಡುವೆ ಒಂದು ಸಂದಿಯಿದೆ. ನೇಸಲ್ ವಾಲ್ವ್ ಅಂದರೆ ಅದೇ. ಪಠ್ಯಪುಸ್ತಕಗಳ ಪ್ರಕಾರ ಅದರ ಕೋನ 10ರಿಂದ 15 ಡಿಗ್ರಿ. ಇಡೀ ಉಸಿರುದಾರಿಯ ತಡೆಯಲ್ಲಿ ಅರ್ಧದಷ್ಟು ಮೂಗಿನದು, ಅದರಲ್ಲೂ ದೊಡ್ಡ ಪಾಲು ಈ ಸಂದಿಯದು. ಕೊಳವೆಯ ತ್ರಿಜ್ಯ ಹತ್ತರಲ್ಲೊಂದು ಪಾಲು ಕುಗ್ಗಿದರೆ ಹರಿವು ಮೂರನೇ ಒಂದು ಭಾಗದಷ್ಟು ಬೀಳುತ್ತದೆ ಎನ್ನುವುದು ಭೌತಶಾಸ್ತ್ರದ ಲೆಕ್ಕ. ಮೂಗು ನೇರ ಕೊಳವೆಯಲ್ಲ, ಒಪ್ಪೋಣ. ಆದರೆ ಇಲ್ಲಿ ಒಂದು ಮಿಲಿಮೀಟರ್ ಎಂದರೆ ಅಲ್ಪವಲ್ಲ ಎನ್ನುವುದಕ್ಕೆ ಅಷ್ಟು ಸಾಕು.

ಈಗ ಉಳಿಯ ಕೆಲಸ ನೋಡಿ. ದಿಣ್ಣೆ ತೆಗೆಯುವುದೆಂದರೆ ಮೂಗಿನ ಚಾವಣಿಯನ್ನೇ ಕೆತ್ತುವುದು. ಚಾವಣಿ ಹೋದ ಮೇಲೆ ಪಕ್ಕದ ಮೃದ್ವಸ್ಥಿಗಳಿಗೆ ಆಧಾರವಿಲ್ಲ, ಅವು ಒಳಕ್ಕೆ ಜಾರುತ್ತವೆ. ಬಯಲಾದ ಚಾವಣಿ ಮುಚ್ಚಲು ಎಲುಬನ್ನು ಮುರಿದು ಎರಡೂ ಕಡೆಯಿಂದ ಒತ್ತುತ್ತಾರೆ, ದಾರಿ ಇನ್ನಷ್ಟು ಕಿರಿದಾಗುತ್ತದೆ. ತುದಿ ಚೂಪಾಗಬೇಕೆಂದು ಕೆಳಗಿನ ಮೃದ್ವಸ್ಥಿಯನ್ನು ಅತಿಯಾಗಿ ಸವರಿದರೋ, ಎಳನೀರಿಗೆ ಹಾಕಿದ ಕಾಗದದ ಸ್ಟ್ರಾ ಜೋರಾಗಿ ಹೀರಿದಾಗ ಚಪ್ಪಟೆಯಾಗುವಂತೆ, ಉಸಿರೆಳೆದಾಗಲೆಲ್ಲ ಹೊಳ್ಳೆ ಒಳಕ್ಕೆ ಅಂಟುತ್ತದೆ. ಮೆಟ್ಟಿಲು ಹತ್ತುವಾಗ, ಓಡುವಾಗ, ಗಾಳಿ ಹೆಚ್ಚು ಬೇಕಾದ ಹೊತ್ತಿಗೇ ದಾರಿ ಮುಚ್ಚುತ್ತದೆ! ಜೊತೆಗೆ ಒಳಗೋಡೆಯ ಮಡಿಕೆಗಳಾದ ಟರ್ಬಿನೇಟುಗಳನ್ನು ‘ಜಾಗ ಮಾಡಲು’ ಅತಿಯಾಗಿ ಕತ್ತರಿಸಿದರೆ ಇನ್ನೊಂದು ನರಕ. ಗಾಳಿಯ ತಂಪನ್ನು ಅರಿಯುವ ಪೊರೆಯೇ ಇಲ್ಲದೆ, ದಾರಿ ತೆರೆದಿದ್ದರೂ ಉಸಿರು ಕಟ್ಟಿದ ಅನುಭವ. 1994ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ವೈದ್ಯರು ಇದಕ್ಕೆ ‘ಖಾಲಿ ಮೂಗು’ ಎಂದು ಹೆಸರಿಟ್ಟರು.

ದೂರು ಹೇಳಿದರೆ ಸಿಗುವ ಉತ್ತರ ಒಂದೇ: “ಊತ ಇದೆ ಕಣಮ್ಮ, ಒಂದು ವರ್ಷ ಕಾಯಿ.” ಊತ ಪೂರ್ತಿ ಇಳಿಯಲು ಒಂದು ವರ್ಷ ಹಿಡಿಯುವುದು ನಿಜವೇ. ಗ್ರಾಹಕ ಆಯೋಗಕ್ಕೆ ದೂರು ಕೊಡಲು ಕಾನೂನು ಕೊಟ್ಟಿರುವ ಕಾಲ ಎರಡು ವರ್ಷ ಎನ್ನುವುದೂ ಅಷ್ಟೇ ನಿಜ. ಅದರಲ್ಲಿ ಅರ್ಧ ಕಾಯುವುದರಲ್ಲೇ ಕರಗುತ್ತದೆ. ಸಹಿ ಹಾಕಿದ್ದೀಯಲ್ಲ ಎನ್ನುತ್ತಾರೆ. ರೋಗಿಗೆ ಅಪಾಯವನ್ನೂ ಬೇರೆ ದಾರಿಗಳನ್ನೂ ತಿಳಿಸಿಯೇ ಒಪ್ಪಿಗೆ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲೇ, ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿಯಾಗಿದೆ. ಸಣ್ಣ ಅಕ್ಷರದ ಹಾಳೆಯನ್ನು ಆಪರೇಷನ್ನಿನ ಬೆಳಿಗ್ಗೆ ಮುಂದಿಟ್ಟು ‘ಇಲ್ಲಿ, ಇಲ್ಲಿ’ ಎಂದು ಬೆರಳು ತೋರಿಸುವುದು ಒಪ್ಪಿಗೆಯಲ್ಲ, ವಂಚನೆ.

ನಮ್ಮ ನೆಲಕ್ಕೆ ಮೂಗು ಕೊಯ್ಯುವುದು ಹೊಸತಲ್ಲ. ಟಿಪ್ಪು ಮತ್ತು ಇಂಗ್ಲಿಷರ ಯುದ್ಧದಲ್ಲಿ ಸೆರೆಸಿಕ್ಕು ಮೂಗು ಕಳೆದುಕೊಂಡ ಕೌಸಜಿ ಎಂಬ ಎತ್ತಿನಗಾಡಿಯವನಿಗೆ ಪುಣೆಯ ದೇಸಿ ಚಿಕಿತ್ಸಕನೊಬ್ಬ ಹಣೆಯ ಚರ್ಮದಿಂದ ಮೂಗು ಕಟ್ಟಿಕೊಟ್ಟ. 1794ರಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಅದನ್ನು ಅಚ್ಚು ಹಾಕಿತು, ಯುರೋಪಿನ ವೈದ್ಯರು ಅದರಿಂದ ಕಲಿತರು. ಕಳೆದುಕೊಂಡವರಿಗೆ ಮೂಗು ಕೊಡಲು ಹುಟ್ಟಿದ ವಿದ್ಯೆ, ಸರಿಯಿರುವ ಮೂಗನ್ನು ಕೆಡಿಸಿ ಕಾಸು ಎಣಿಸಲು ಬಂದು ನಿಂತಿದೆ. ಇದಕ್ಕಿಂತ ನಾಚಿಕೆಗೇಡು ಬೇರೆ ಬೇಕೆ?

ಮೊಂಡು ಮೂಗು ಕೊರತೆಯೆಂದು ಹೇಳಿದವರು ಯಾರು? ಹೆಣ್ಣು ನೋಡಲು ಬಂದ ಅತ್ತೆ, ಫೋಟೊ ತಿದ್ದುವ ಫಿಲ್ಟರ್, ‘ಶಾರ್ಪ್ ಫೀಚರ್ಸ್’ ಕೇಳುವ ನಿರ್ದೇಶಕ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೊಳ್ಳೆಯ ಅಗಲಕ್ಕೂ ಪೂರ್ವಜರ ನೆಲದ ತಾಪಮಾನ, ತೇವಾಂಶಕ್ಕೂ ನಂಟಿರುವುದನ್ನು ತೋರಿಸಿತು. ತಲೆಮಾರುಗಳ ಹವೆ ರೂಪಿಸಿದ್ದನ್ನು ಎರಡು ಗಂಟೆಯಲ್ಲಿ ‘ಸರಿ’ ಮಾಡಲು ನೀವು ಯಾರಪ್ಪ?

ಒಳ್ಳೆಯ ಶಸ್ತ್ರವೈದ್ಯರಿದ್ದಾರೆ. ಅಪಘಾತದಲ್ಲಿ ಮುರಿದ, ಸೀಳುತುಟಿಯಿಂದ ತಿರುಚಿದ ಮೂಗನ್ನು ನೇರ ಮಾಡಿ ಉಸಿರು ಮರಳಿ ಕೊಟ್ಟವರು ಅವರು. ದಿಣ್ಣೆ ತೆಗೆದಲ್ಲಿ ಮೃದ್ವಸ್ಥಿಯ ಪಟ್ಟಿ ಇಟ್ಟು ಸಂದಿ ಕುಸಿಯದಂತೆ ಕಾಯುವ ವಿಧಾನವನ್ನು ಶಸ್ತ್ರವೈದ್ಯ ಜ್ಯಾಕ್ ಶೀನ್ 1984ರಲ್ಲೇ ವಿವರಿಸಿದ್ದರು. ಹಾಗಾಗಿ ‘ನಮಗೆ ಗೊತ್ತಿರಲಿಲ್ಲ’ ಎನ್ನುವ ನೆಪ ಯಾರಿಗೂ ಇಲ್ಲ. ಕೆಟ್ಟದ್ದನ್ನು ರಿಪೇರಿ ಮಾಡುವಾಗ ಮೂಗಿನಲ್ಲಿ ಮೃದ್ವಸ್ಥಿ ಸಾಲದೆ ಕಿವಿಗೋ ಪಕ್ಕೆಲುಬಿಗೋ ಕತ್ತಿ ಹಾಕಬೇಕಾಗುತ್ತದೆ. ಖರ್ಚೂ ನೋವೂ ಮತ್ತೆ ರೋಗಿಯದೇ.

ಖಾಸಗಿ ಆಸ್ಪತ್ರೆಗಳನ್ನು ಹತೋಟಿಯಲ್ಲಿಡಲು ಕರ್ನಾಟಕಕ್ಕೆ 2007ರ ಕಾಯ್ದೆ ಇದೆ. ಅಂದಕ್ಕಾಗಿ ಮೂಗು ಕೊಯ್ಯುವ ಮೊದಲೂ ನಂತರವೂ ಉಸಿರಾಟ ಅಳೆದು ದಾಖಲಿಸುವುದನ್ನು ಅದರಡಿ ಕಡ್ಡಾಯ ಮಾಡಿ. ಯಂತ್ರ ದುಬಾರಿಯೆಂದು ಯಾರೂ ಅಳಬೇಕಿಲ್ಲ. ಐದೇ ಪ್ರಶ್ನೆಗಳ ‘ನೋಸ್’ ಪ್ರಶ್ನಾವಳಿಗೆ ಒಂದು ಹಾಳೆ, ಒಂದು ಪೆನ್ನು ಸಾಕು. ಮೂಗು ತಿದ್ದಿಸಿಕೊಳ್ಳಲು ಹೊರಟ ತಂಗಿ, ತಮ್ಮ, ನಿಮಗೊಂದು ಮಾತು: ಹೊಳ್ಳೆಯೊಳಗೆ ಒಮ್ಮೆಯೂ ದೀಪ ಹಿಡಿದು ನೋಡದೆ ಕಂಪ್ಯೂಟರಿನಲ್ಲಿ ನಿಮ್ಮ ಹೊಸ ಮುಖ ತೋರಿಸುವ ವೈದ್ಯರ ಮುಂದಿಂದ ಎದ್ದು ಬನ್ನಿ, ಮುಂಗಡ ಕೊಟ್ಟಿದ್ದರೂ ಸರಿ.