ಹರಕೆ ಯಾರದು, ಕೊರಳು ಯಾರದು?

ವಿಜಯಪುರಕ್ಕೆ ಹೊಂದಿಕೊಂಡಂತಿರುವ ತೊರವಿಯಲ್ಲಿ ಎರಡು ಹಳೆಯ ಹೆಸರುಗಳು ಅಕ್ಕಪಕ್ಕ ಇವೆ. ಒಂದು, ಊರ ದೇವರು ನರಸಿಂಹನದು. ಕುಮಾರ ವಾಲ್ಮೀಕಿ ತನ್ನ ‘ತೊರವೆ ರಾಮಾಯಣ’ವನ್ನು ಬರೆದದ್ದು ಈತನ ಅಂಕಿತದಲ್ಲಿ. ಇನ್ನೊಂದು, 1599ರಲ್ಲಿ ಊರ ಮಗ್ಗುಲಲ್ಲೇ ನವರಸಪುರ ಕಟ್ಟಲು ತೊಡಗಿದ ಎರಡನೇ ಇಬ್ರಾಹಿಂ ಆದಿಲ್‌ಶಾಹಿ ಹೊತ್ತಿದ್ದ ಪ್ರವಾದಿಯ ಹೆಸರು. ಎರಡರ ಹಿಂದೆಯೂ ಅಪ್ಪ–ಮಗನ ಕಥೆಯಿದೆ. ಇಬ್ರಾಹಿಮನ ಕಥೆಯಲ್ಲಿ ದೇವರು ಅಪ್ಪನಿಂದ ಮಗನನ್ನು ಬಲಿ ಕೇಳುತ್ತಾನೆ. ಪ್ರಹ್ಲಾದನ ಕಥೆಯಲ್ಲಿ ಮಗನನ್ನು ಕೊಲ್ಲಹೊರಟ ಅಪ್ಪನೆದುರು ದೇವರೇ ಕಂಬ ಒಡೆದು ಬರುತ್ತಾನೆ.

ಮೊದಲ ಕಥೆ ಯುರೋಪಿನ ಚಿಂತಕರನ್ನು ಬಹುಕಾಲ ಕಾಡಿತು. ಮಗನನ್ನು ಕೊಲ್ಲಬಾರದು ಎಂಬುದು ಖಚಿತ, ಕೊಲ್ಲು ಎನ್ನುತ್ತಿರುವುದು ದೇವರೇ ಎಂಬುದು ಖಚಿತವಲ್ಲ ಎಂದು 1798ರಲ್ಲಿ ಕಾಂಟ್ ವಾದಿಸಿದ. 1843ರಲ್ಲಿ ಕೀರ್ಕೆಗಾರ್ಡ್, ನಂಬಿಕೆ ನೀತಿಯನ್ನೂ ದಾಟಬಲ್ಲದೇ ಎಂದು ಕೇಳಿದ. ಇಬ್ಬರ ಕಣ್ಣೂ ಅಪ್ಪನ ಸಂಕಟದ ಮೇಲಿತ್ತು. ಕತ್ತಿಯ ಕೆಳಗಿದ್ದವನು ಮಗ.

ಕನ್ನಡದ ಓದುಗರಿಗೆ ಇಂಥ ಕಥೆ ಹೊಸದಲ್ಲ. ಶಿವ ಕೇಳಿದನೆಂದು ಸಿರಿಯಾಳ ಸೆಟ್ಟಿ ಮತ್ತು ಸಂಗಳವ್ವೆ ತಮ್ಮ ಮಗ ಚಿಲ್ಲಾಳನನ್ನೇ ಅಡುಗೆ ಮಾಡಿ ಬಡಿಸಿದರು. ಕೊನೆಗೆ ಚಿಲ್ಲಾಳ ಎದ್ದು ಬರುತ್ತಾನೆ. ಇಬ್ರಾಹಿಮನ ಕತ್ತಿಯೂ ನಿಲ್ಲುತ್ತದೆ. ಮಗು ಉಳಿದ ಸಮಾಧಾನದಲ್ಲಿ, ಕೇಳಿದ್ದು ಸರಿಯೇ ಎಂಬ ಪ್ರಶ್ನೆ ಕರಗಿಹೋಗುತ್ತದೆ.

ಜನಪದ ಕಥನಗೀತೆ ‘ಕೆರೆಗೆ ಹಾರ’ದಲ್ಲಿ ಆ ಸಮಾಧಾನವಿಲ್ಲ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಶಕುನದ ಹೊತ್ತಿಗೆ ತೆಗೆಸಿ ನೋಡಿದರೆ ಸೊಸೆಯನ್ನು ಬಲಿ ಕೊಡಬೇಕೆಂದಾಯಿತು. ಹಿರಿಸೊಸೆ ಹೋದರೆ ಹಿರಿತನ ನಡೆಸುವವರಿಲ್ಲ. ಹಾಗಾಗಿ ಕಿರಿಸೊಸೆ ಭಾಗೀರಥಿ. ತವರಿಗೆ ಹೋಗಿ ಅತ್ತ ಆಕೆ ಅಪ್ಪ–ಅವ್ವನಿಗೆ ನಿಜ ಹೇಳುವುದಿಲ್ಲ, ಅತ್ತೆ–ಮಾವ ಬೇರೆ ಇಡುತ್ತಾರಂತೆ ಎಂದು ಮರೆಮಾಚುತ್ತಾಳೆ. ಪೂಜೆ ಮುಗಿದು ಎಲ್ಲರೂ ಹೊರಟ ಮೇಲೆ, ಮರೆತ ಬಂಗಾರದ ಬಟ್ಟಲು ತರಲು ಕೆರೆಗೆ ಇಳಿದವಳ ಕಾಲಿಗೆ ನೀರು ಬರುತ್ತದೆ, ಮೆಟ್ಟಿಲಿಂದ ಮೆಟ್ಟಿಲಿಗೆ ಏರುತ್ತದೆ. ದಂಡಿನಿಂದ ಓಡಿಬಂದ ಗಂಡ ಮಾದೇವರಾಯನೂ ಅದೇ ಕೆರೆಗೆ ಹಾರುತ್ತಾನೆ. ಹರಕೆ ಗೌಡನದು, ಜೀವ ಮಕ್ಕಳದು.

ಹಾಡಿನಾಚೆಗೂ ಹೀಗೇ ನಡೆದಿದೆ. ಮಗಳ ತಲೆಯಲ್ಲಿ ಜಡೆಗಟ್ಟಿದರೆ ಅದು ಎಲ್ಲಮ್ಮನ ಕರೆ ಎಂದು ನಂಬಿ ಮುತ್ತು ಕಟ್ಟಿ ದೇವದಾಸಿಯಾಗಿ ಬಿಡುವುದು ವಿಜಯಪುರವೂ ಸೇರಿ ಉತ್ತರ ಕರ್ನಾಟಕದ ಹಲವು ಜಿಲ್ಲೆಗಳಲ್ಲಿತ್ತು. ಹೀಗೆ ಬಿಟ್ಟ ಹುಡುಗಿಯರಲ್ಲಿ ಹೆಚ್ಚಿನವರು ದಲಿತರು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ದೇವದಾಸಿಯರನ್ನು ಗುರುತಿಸಿದವು. ಯಾವ ಕತ್ತಿಯೂ ಅವರಿಗಾಗಿ ನಿಲ್ಲಲಿಲ್ಲ.

ಪ್ರಹ್ಲಾದನೂ ದೇವರಿಗಾಗಿ ಅಪ್ಪನ ಮಾತು ಮೀರಿದವನೇ ಅಲ್ಲವೇ, ಅವನ ಹಟವೂ ಕುರುಡು ನಂಬಿಕೆಯಲ್ಲವೇ ಎಂದು ಯಾರಾದರೂ ಕೇಳಬಹುದು. ವ್ಯತ್ಯಾಸ ನಂಬಿಕೆಯ ಗಟ್ಟಿತನದಲ್ಲಿಲ್ಲ. ಅವನು ಪಣಕ್ಕಿಟ್ಟದ್ದು ತನ್ನ ಜೀವವನ್ನು.

ಒಪ್ಪಿಗೆಯ ಮಾತೂ ಬರುತ್ತದೆ. ಕುರಾನಿನ ನಿರೂಪಣೆಯಲ್ಲಿ ಮಗನೇ, ಅಪ್ಪಣೆಯಾದಂತೆ ಮಾಡು ಎನ್ನುತ್ತಾನೆ. ಭಾಗೀರಥಿಯನ್ನೂ ಯಾರೂ ಎಳೆದೊಯ್ಯಲಿಲ್ಲ. ಆದರೆ ಉಣ್ಣುವುದು, ಉಡುವುದು ಎಲ್ಲವೂ ಹಿರಿಯರ ಕೈಯಲ್ಲಿರುವ ಮನೆಯಲ್ಲಿ ಕಿರಿಯರು ‘ಹೂಂ’ ಎಂದರೆ ಅದಕ್ಕೆಷ್ಟು ಬೆಲೆ? ದೇವದಾಸಿ ಸಮರ್ಪಣೆಯನ್ನು ನಿಷೇಧಿಸಿದ ಕರ್ನಾಟಕದ 1982ರ ಕಾಯ್ದೆ ಇದನ್ನು ಅರಿತಿತ್ತು. ಹುಡುಗಿ ಒಪ್ಪಿದರೂ ಸಮರ್ಪಣೆ ಕಾನೂನುಬಾಹಿರ ಎಂದಿತು. ಇತರರಿಗೆ ಮೂರು ವರ್ಷದವರೆಗೆ ಜೈಲಾದರೆ, ಹೆತ್ತವರಿಗೆ ಕನಿಷ್ಠ ಎರಡು, ಗರಿಷ್ಠ ಐದು ವರ್ಷವಿತ್ತು.

ಹೆತ್ತವರಿಗೇ ಹೆಚ್ಚು ಶಿಕ್ಷೆ ಎಂಬಲ್ಲಿ ತೊಡಕೂ ಇತ್ತು. ಸಿರಿಯಾಳ ಸೆಟ್ಟಿ ಸಿರಿವಂತ, ಮಲ್ಲನಗೌಡ ಊರಿನ ದೊಡ್ಡವನು. ಮುತ್ತು ಕಟ್ಟಿಸಿದ ಅಪ್ಪ ಬಹುತೇಕ ಕೂಲಿಯವನು. ಗಂಡು ಮಗನಿಲ್ಲದ ಮನೆಗೆ ಮಗಳೇ ಆಸರೆಯಾಗಲಿ ಎಂಬ ಲೆಕ್ಕವೂ ಅವನಿಗಿತ್ತು. ಜಡೆಯನ್ನು ದೇವಿಯ ಕರೆ ಎಂದು ಓದಿದವನು, ಮುತ್ತು ಕಟ್ಟಿದವನು, ಆ ಹುಡುಗಿಯನ್ನು ಬಳಸಿಕೊಂಡ ಉಳ್ಳವನು ಬೇರೆ ಬೇರೆ. ಮುತ್ತು ಕಟ್ಟಿದವನು, ಕಟ್ಟಲು ಬಿಟ್ಟವನು, ಅದರಲ್ಲಿ ಪಾಲ್ಗೊಂಡವನು, ಕುಮ್ಮಕ್ಕು ಕೊಟ್ಟವನು ಎಲ್ಲರೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತಿದ್ದರು. ದೇವರ ಹೆಸರಿನಲ್ಲಿ ಮಕ್ಕಳನ್ನು ಕೇಳುವ ಪ್ರಕರಣ ಇಂದು ಎಲ್ಲಿ ಬಯಲಿಗೆ ಬಂದರೂ ತನಿಖೆ ಅಪ್ಪ–ಅವ್ವನ ಗುಡಿಸಲಲ್ಲೇ ಮುಗಿಯಬಾರದು, ಹೊತ್ತಿಗೆ ತೆರೆದವನ ಮನೆಗೂ ಹೋಗಬೇಕು.