ಸ್ವಯಂಭುವಿಗೂ ಬಾಗಿಲು ಬೇಕು

ಪುನರುಜ್ಜೀವನ ಕಾಲದಲ್ಲಿ, 1489ರಲ್ಲಿ, ಕಟ್ಟಲಾರಂಭಿಸಿದ ಫ್ಲಾರೆನ್ಸ್‌ನ ಸ್ಟ್ರೋಟ್ಸಿ ಅರಮನೆಯಲ್ಲಿ ಮುಂಬಯಿ ಸಂಜಾತ ಶಿಲ್ಪಿ ಅನೀಶ್ ಕಪೂರ್ ಅವರ ಪ್ರದರ್ಶನವು 2023ರ ಅಕ್ಟೋಬರಿನಿಂದ 2024ರ ಫೆಬ್ರವರಿಯವರೆಗೆ ನಡೆಯಿತು. ಅಲ್ಲಿದ್ದ 'ಸ್ವಯಂಭು' (2007) ಕೃತಿಯು ನಮ್ಮ ಸಾಹಿತ್ಯ ವಿಮರ್ಶೆಗೂ ಪ್ರಸ್ತುತವಾದುದು. ಕೆಂಪು ಮೇಣದ ಬೃಹತ್ ಗಟ್ಟಿಯೊಂದು ಹಳಿಗಳ ಮೇಲೆ ಕೋಣೆಯಿಂದ ಕೋಣೆಗೆ ನಿಧಾನವಾಗಿ ಚಲಿಸುತ್ತದೆ. ಮನುಷ್ಯರ ಕೈ ಕಡೆಯದ ಲಿಂಗವನ್ನು ನಾವು ಸ್ವಯಂಭು ಎನ್ನುತ್ತೇವೆ. ಇಲ್ಲಿಯೂ ಶಿಲ್ಪಿಯ ಉಳಿಯಿಲ್ಲ. ಆದರೆ ರೂಪವನ್ನು ಕೊಡುವುದು ಬಾಗಿಲಿನ ಚೌಕಟ್ಟು. ಸ್ವೋಪಜ್ಞತೆಯೆಂದರೆ ಪರಂಪರೆಯ ನಿರಾಕರಣೆಯೆಂದೇ ಭಾವಿಸುವ ವಿಮರ್ಶೆಯು ಇದನ್ನು ಗಮನಿಸಬೇಕಾಗಿದೆ. ಹೊಸತು ಹಳೆಯ ಬಾಗಿಲನ್ನು ಹಾಯುವಾಗಲೇ ಆಕಾರ ಪಡೆಯುತ್ತದೆ. ಪರಂಪರೆಯನ್ನು ನಿಶ್ಚಲವೆಂದು ಆರಾಧಿಸುವವರಿಗೂ ಇಲ್ಲೊಂದು ಪಾಠವಿದೆ: ಹಾಯ್ದುಹೋಗುವ ಮೇಣವು ಚೌಕಟ್ಟಿಗೂ ಮೆತ್ತಿಕೊಳ್ಳುತ್ತದೆ, ಬಾಗಿಲೂ ಮೊದಲಿನಂತೆ ಉಳಿಯುವುದಿಲ್ಲ.